ಎದ್ದು ನಿಲ್ಲದ ಮರ್ಯಾದೆ

ಮಾತ್ರೆಯ ಬಾಟಲಿ ಸದ್ದು ಮಾಡುತ್ತದೆ. ಎಚ್‌ಐವಿ ಮದ್ದಿನ ಕೇಂದ್ರಕ್ಕೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಯಾಕೆಂದರೆ ನರ್ಸಿಂಗ್ ಪುಸ್ತಕದಲ್ಲಿ ಇದನ್ನು ಬರೆದಿಲ್ಲ. ಪ್ಲಾಸ್ಟಿಕ್ ಬಾಟಲಿಯೊಳಗೆ ಮಾತ್ರೆಗಳು ಗಲಗಲ ಅನ್ನುತ್ತವೆ. ಬಸ್ಸಿನಲ್ಲಿ ಪಕ್ಕದವರಿಗೆ ಕೇಳುತ್ತದೆ, ಮನೆಯಲ್ಲಿ ಸೊಸೆಗೆ ಕೇಳುತ್ತದೆ. ನಮ್ಮಲ್ಲಿಗೆ ಬರುವವರು ಮದ್ದು ಕೈಗೆ ಸಿಕ್ಕಿದ ಕೂಡಲೇ ಹೊರಗಿನ ಬೆಂಚಿನಲ್ಲಿ ಕೂತು ಲೇಬಲ್ ಕಿತ್ತು, ಮುಚ್ಚಳ ತೆಗೆದು, ಒಂದು ಉಂಡೆ ಹತ್ತಿ ತುರುಕಿ, ಬಾಟಲಿಯನ್ನು ಕಿವಿಯ ಹತ್ತಿರ ಕುಲುಕಿ ನೋಡುತ್ತಿದ್ದರು. ಸದ್ದಿಲ್ಲ ಅಂತಾದ ಮೇಲೆಯೇ ಎದ್ದು ಹೋಗುವುದು. ಇದನ್ನು ನೋಡಿ ನೋಡಿ ನಾನು ಡ್ರೆಸ್ಸಿಂಗ್ ಕೋಣೆಯಿಂದ ಹತ್ತಿಯ ಸುರುಳಿ ತಂದು ಆ ಬೆಂಚಿನ ಪಕ್ಕದ ಕಿಟಕಿಯಲ್ಲಿ ಇಡತೊಡಗಿದೆ. ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಹತ್ತಿ ಮಾತ್ರ ಖಾಲಿಯಾಗುತ್ತಿತ್ತು.

ನನ್ನ ಹೆಸರು ಸೆವ್ರಿನ್. ಮನೆ ಈ ಕರಾವಳಿ ನಗರದ ಬೋಳಾರದಲ್ಲಿ, ಮನೆಮಾತು ಕೊಂಕಣಿ. ಕನ್ನಡ ಕಲಿತದ್ದು ಶಾಲೆಗಿಂತ ಹೆಚ್ಚು ಪಕ್ಕದ ಮನೆಯ ಸುಂದರ ಮಾಸ್ತರರ ಜಗಲಿಯಲ್ಲಿ. ಅವರು ಬೆಳಿಗ್ಗೆ ಪೇಪರನ್ನು ಇಡೀ ಓಣಿಗೆ ಕೇಳುವ ಹಾಗೆ ಓದುತ್ತಿದ್ದರು, ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಕತೆ ಹೇಳುವ ಚಟ ಹತ್ತಿದ್ದು ಅಜ್ಜಿಯಿಂದ. ಹಾಗಾಗಿ ನಾನು ಒಂದನ್ನು ಹೇಳಲು ಹೊರಟು ಇನ್ನೊಂದಕ್ಕೆ ಹೋದರೆ ತಪ್ಪು ಆ ಇಬ್ಬರದು. ನಗರದ ಒಂದು ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಜೀವನಪೂರ್ತಿ ಮದ್ದು ಕೊಡುವ ಮೂಲೆಯ ಕೋಣೆಯಲ್ಲಿ, ನರ್ಸ್ ಆಗಿ ನನ್ನ ನೌಕರಿಯ ಕೊನೆಯ ವರ್ಷಗಳು ಕಳೆದವು. ಅಲ್ಲಿಗೆ ಹಾಕಿದಾಗ ನನ್ನ ಅಕ್ಕ ಅತ್ತಿದ್ದಳು. ನಿವೃತ್ತಳಾಗುವಾಗ ಅತ್ತದ್ದು ನಾನು.

ಇಲ್ಲಿ ಬರುವವರ ಹೆಸರು, ಊರು ಎಲ್ಲ ಬದಲಿಸಿದ್ದೇನೆ. ಅವರಲ್ಲಿ ಒಬ್ಬರು ಅರ್ಚಕರು, ಭಟ್ಟರು; ಅವರ ವಿಷಯ ಬರೆಯಬಹುದೇ ಎಂದು ಈಗ ಕೇಂದ್ರದಲ್ಲಿರುವವರ ಮೂಲಕ ಅವರನ್ನೇ ಕೇಳಿಸಿದೆ. ಹೆಸರು ಬದಲಿಸಿ, ದೇವಸ್ಥಾನ ಬದಲಿಸಿ, ಮತ್ತೆ ನನ್ನನ್ನು ಸ್ವಲ್ಪ ಎತ್ತರ ಮಾಡಿ ಎಂದು ಹೇಳಿ ಕಳುಹಿಸಿದರು. ಎತ್ತರ ಮಾಡಿದ್ದೇನೆ.

ನಾನು ಸೇರಿದ ಕಾಲದಲ್ಲಿ ಎಲ್ಲರೂ ಪ್ರತಿ ತಿಂಗಳೂ ಬರಬೇಕಿತ್ತು. ಅದರಲ್ಲಿ ಒಂದು ವಿಚಿತ್ರ ನೋಡಿದೆ. ಬರುವವರು ಹತ್ತಿರದವರಲ್ಲ. ಉಡುಪಿ ಕಡೆಯವರು ನಗರದ ಅಂಚಿನ ಕೂಳೂರಿನ ಸೇತುವೆ ದಾಟಿ ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮ ಬೋಳಾರದವರೇ ಕೆಲವರು ಅದೇ ಸೇತುವೆ ದಾಟಿ ಉಡುಪಿಗೆ ಹೋಗುತ್ತಿದ್ದರು. ಮದ್ದು ಎರಡೂ ಕಡೆ ಒಂದೇ. ಬಸ್ಸುಗಳು ಸೇತುವೆಯ ಮೇಲೆ ಒಂದನ್ನೊಂದು ದಾಟುವಾಗ ಒಳಗಿದ್ದವರಲ್ಲಿ ಯಾರು ಯಾತಕ್ಕೆ ಹೋಗುತ್ತಿದ್ದಾರೆಂದು ನನಗೆ ಗೊತ್ತಿತ್ತು, ನಗುವೂ ಬರುತ್ತಿತ್ತು, ನಗುವ ಹಾಗೂ ಇರಲಿಲ್ಲ. ಗುರುತಿನವರಿಲ್ಲದ ಕಡೆ ಹೋಗಿ ಮದ್ದು ತರುವುದು ಅವರಿಗೆ ಮದ್ದಿನಷ್ಟೇ ಮುಖ್ಯ.

ಭಟ್ಟರು ಕೂಳೂರಿನಿಂದಾಚೆ ಒಂದು ದೇವಸ್ಥಾನದ ಅರ್ಚಕರು. ರೋಗ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ದಾಖಲೆಗೆ ಕೇಳಬೇಕಾದವರು ಒಮ್ಮೆ ಕೇಳಿರುತ್ತಾರೆ, ನೀವು ಇನ್ನೊಮ್ಮೆ ಕೇಳಲು ಹೋಗಬೇಡಿ. ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತಿತ್ತು, ಆಕೆಗೆ ಸೋಂಕು ಇರಲಿಲ್ಲ. ಊರಿಗೆ ಗೊತ್ತಾದರೆ ಗರ್ಭಗುಡಿಯ ಬಾಗಿಲು ಅವರಿಗೆ ಮುಚ್ಚಿದ ಹಾಗೆಯೇ. ತೀರ್ಥದಿಂದಲೋ ಹೂವಿನಿಂದಲೋ ಈ ರೋಗ ಹರಡುವುದಿಲ್ಲ ಎಂದು ನಾವು ಎಷ್ಟು ಹೇಳಿದರೂ ಕೇಳುವವರು ಯಾರು? ಮೊದಲ ದಿನವೇ ಅವರು ನನಗೆ ಎರಡು ಮಾತು ಹೇಳಿದ್ದರು: ಫೋನ್ ಮಾಡಬೇಡಿ, ಮನೆಗೆ ಬರಬೇಡಿ.

ಆಗ ದಿನಕ್ಕೆ ಎರಡು ಹೊತ್ತು ಮಾತ್ರೆ. ಬೆಳಿಗ್ಗೆ ಮಿಂದು ಮಡಿ ಉಟ್ಟ ಮೇಲೆ ಅವರು ಬಾಟಲಿ ಮುಟ್ಟುವ ಹಾಗಿಲ್ಲ, ಪೂಜೆ ಮುಗಿಯುವಾಗ ಮಾತ್ರೆಯ ಹೊತ್ತು ಮೀರಿರುತ್ತದೆ. ಏಕಾದಶಿಯ ದಿನ ಉಪವಾಸ ಬೇರೆ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಏಳುವುದೇ ಸೂರ್ಯನಿಗಿಂತ ಮೊದಲು ತಾನೇ, ಸ್ನಾನಕ್ಕೆ ಮೊದಲು ಒಂದು, ರಾತ್ರಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಒಂದು ಎಂದು ಮಾಡಿದೆವು. ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತದೋ ಎಂದು ನಾನು ಅವರನ್ನೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮದ್ದಿಗೆ ದೋಷ ಇಲ್ಲ ಎಂದು ತೀರ್ಪು ಕೊಟ್ಟರು. ಬಾಟಲಿ ಮನೆಯಲ್ಲಿ ಒಂದು ಹಳೆಯ ಲೇಹ್ಯದ ಡಬ್ಬಿಯೊಳಗೆ ಇರುತ್ತಿತ್ತು. ಒಂದು ಹೊತ್ತೂ ತಪ್ಪಿಸಿದವರಲ್ಲ.

ನಮ್ಮಲ್ಲಿ ಮದ್ದು ಎಣಿಸಿ ಕೊಡುತ್ತಿದ್ದವಳು ಪುಷ್ಪಲತಾ, ನಮ್ಮ ಫಾರ್ಮಸಿಸ್ಟ್. ಅವಳದ್ದು ಬೇರೊಂದು ದೇವಸ್ಥಾನದ ಬದಿಯ ಮನೆ, ಭಟ್ಟರು ಬಂದರೆ ಏಳಬೇಕು ಎಂದು ಹುಟ್ಟುವಾಗಲೇ ಕಲಿತವಳು. ಇವರು ಬಾಗಿಲಲ್ಲಿ ಕಂಡರೆ ಸಾಕು, ಕುರ್ಚಿ ಹಿಂದೆ ಸರಿಸಿ ಎದ್ದು ನಿಲ್ಲುತ್ತಿದ್ದಳು. ಅವಳು ಎದ್ದಳೆಂದು ನಾನೂ ಅರ್ಧ ಏಳುತ್ತಿದ್ದೆ. ಯಾರು ಬಂದದ್ದಪ್ಪ ಎಂದು ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಪ್ಯಾಂಟು, ಶರ್ಟು, ತಲೆಗೊಂದು ಟೊಪ್ಪಿ ಹಾಕಿಕೊಂಡು ಬರುತ್ತಿದ್ದ ಆ ಮನುಷ್ಯ ಕಂಬದ ಹಿಂದೆ ಸರಿಯುತ್ತಿದ್ದರು. ನಾಚಿಕೆ ಸ್ವಭಾವ ಎಂದು ನಾವು ಎಣಿಸಿದೆವು.

ಇನ್ನು ದೊಡ್ಡ ಡಾಕ್ಟರ ವಿಷಯ. ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ, ಗಟ್ಟಿ ಧ್ವನಿ. ಹೊಸ ಕ್ರಮಗಳು ಒಂದೊಂದಾಗಿ ಬಂದದ್ದು ಅವರ ಕಾಲದಲ್ಲೇ. ಎರಡು ಹೊತ್ತಿನ ಮಾತ್ರೆ ದಿನಕ್ಕೆ ಒಂದಾಯಿತು. ಆರೋಗ್ಯ ಸರಿ ಇರುವವರಿಗೆ ಮೂರು ತಿಂಗಳ ಮದ್ದು ಒಟ್ಟಿಗೇ ಕೊಡಬಹುದು ಎಂದಾಯಿತು. ಆ ದಿನ ಡಾಕ್ಟರು ಮದುವೆ ಮನೆಯ ಯಜಮಾನನ ಹಾಗೆ ಓಡಾಡಿದರು.

ಮೊದಲು ಮೂರು ಬಾಟಲಿ ಕೈಗೆ ಕೊಟ್ಟದ್ದು ಉಳ್ಳಾಲದ ಐಸಮ್ಮನಿಗೆ. ಆಕೆ ಎರಡನ್ನು ಮೇಜಿನ ಮೇಲೆ ವಾಪಸ್ ಇಟ್ಟರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಬಾಯಮ್ಮ ಎಂದು, ಆಕೆಗೂ ನಾನು ಬಾಯಮ್ಮ.

"ಬಾಯಮ್ಮ, ಒಂದು ಬಾಟಲಿಯನ್ನೇ ಅಕ್ಕಿ ಡಬ್ಬಿಯಲ್ಲಿ ಹೂತು ಇಡುದು ನಾನು. ಮೂರು ಹೂತ್ರೆ ಸೊಸೆ ಅಕ್ಕಿ ಅಳೆಯುವಾಗ ಮೇಲೆ ಬರ್ತದೆ."

ಜಾಗ ಬೇರೆ ಹುಡುಕುವ ಎಂದೆ. ಆಕೆ ತಲೆಯಾಡಿಸಿದರು.

"ಜಾಗ ಸಿಕ್ಕಿದ್ರೂ ಬೇಡ. ತಿಂಗಳಿಗೊಮ್ಮೆ ಬೀಪಿ ಮದ್ದು ಅಂತ ಹೇಳಿ ಹೊರಗೆ ಬರ್ತೇನೆ. ಇಲ್ಲಿ ನಾಲ್ಕು ಹೆಂಗಸರು ಸಿಗ್ತಾರೆ, ಎಲ್ಲ ಬಿಟ್ಟು ಮಾತಾಡ್ತೇನೆ. ಅದನ್ನೂ ತೆಗೀತೀರಾ ನೀವು?"

ಡಾಕ್ಟರು ಕೇಳುತ್ತಾ ನಿಂತಿದ್ದರು. ಗೊಣಗಿದರು, ಆದರೆ ಒಂದೇ ಬಾಟಲಿ ಬರೆದರು. ಬೀಪಿ ಇಲ್ಲದ ಐಸಮ್ಮನಿಗೆ ಆವತ್ತಿನಿಂದ ನಾನು ಬೀಪಿಯನ್ನೂ ನೋಡುತ್ತಾ ಬಂದೆ, ಮನೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಾಗುವುದು ಬೇಡ ಎಂದು.

ಅದಾದ ಮೇಲೆ ಕೂಳೂರಿನಾಚೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನಮ್ಮ ಕೇಂದ್ರದ ಶಾಖೆ ತೆರೆಯಿತು. ಮದ್ದು ಅಲ್ಲೇ ಸಿಗುತ್ತದೆ, ವರ್ಷಕ್ಕೊಮ್ಮೆ ಪರೀಕ್ಷೆಗೆ ಮಾತ್ರ ಇಲ್ಲಿಗೆ ಬಂದರೆ ಸಾಕು. ಸೇತುವೆಯಿಂದ ಆಚೆಯವರನ್ನೆಲ್ಲ ಅಲ್ಲಿಗೆ ಕಳುಹಿಸಲು ಡಾಕ್ಟರು ಹೇಳಿದರು. ಬಸ್ಸಿನ ತ್ರಾಸ ತಪ್ಪಿತಲ್ಲ ಎಂದು ನನಗೂ ಖುಷಿಯೇ. ಭಟ್ಟರಿಗೆ ಸುದ್ದಿ ಹೇಳಿದ್ದು ನಾನು, ಸಿಹಿ ಹಂಚಿದ ಹಾಗೆ ಹೇಳಿದೆ. ಅವರು ಮುಖ ಬಾಡಿಸಲಿಲ್ಲ, ಬೇಡ ಅನ್ನಲಿಲ್ಲ. ಆಯ್ತು ಸಿಸ್ಟರೇ, ನೋಡುವ ಎಂದು ಹೇಳಿ ಹೋದರು. ಡಾಕ್ಟರು ಅದನ್ನು ಒಪ್ಪಿಗೆ ಎಂದು ತಿಳಿದರು. ಅವರು ಬೇರೆ ಊರಿನವರು. ನಮ್ಮ ಊರಿನಲ್ಲಿ ಉಪಕಾರ ಮಾಡಲು ಬಂದವರ ಮುಖ ನೋಡಿ ಬೇಡ ಅನ್ನುವ ಕ್ರಮ ಇಲ್ಲ, ನೋಡುವ ಎಂದು ಹೇಳಿ ಎದ್ದು ಹೋಗುವುದೇ ಕ್ರಮ. ಇಲ್ಲೇ ಹುಟ್ಟಿದ ನನಗೂ ಆವತ್ತು ಅದು ಹೊಳೆಯಲಿಲ್ಲ.

ಸ್ವಲ್ಪ ಸಮಯದ ನಂತರ ಶಾಖೆಯವರೊಡನೆ ಬೇರೆ ಏನೋ ಮಾತಾಡುವಾಗ, ಬಾರದೇ ಇದ್ದವರಲ್ಲಿ ಭಟ್ಟರೂ ಇದ್ದಾರೆಂದು ತಿಳಿಯಿತು. ಮನೆಯಲ್ಲಿ ಉಳಿದಿರಬಹುದಾದ ಮಾತ್ರೆ ಇನ್ನು ಕೆಲವೇ ದಿನಕ್ಕೆ. ಈ ಮದ್ದು ನಡುವೆ ನಿಂತರೆ ಅಡಗಿದ್ದ ರೋಗ ಮತ್ತೆ ತಲೆ ಎತ್ತುತ್ತದೆ, ಹಾಗೆ ಎದ್ದದ್ದು ಹಳೆಯ ಮದ್ದಿಗೆ ಬಗ್ಗದೆಯೂ ಇರಬಹುದು. ಫೋನ್ ಮಾಡುವ ಹಾಗಿಲ್ಲ, ಮನೆಗೆ ಹೋಗುವ ಹಾಗಿಲ್ಲ. ದೇವಸ್ಥಾನಕ್ಕೆ ಬರಬೇಡಿ ಎಂದು ಅವರು ಹೇಳಿರಲಿಲ್ಲ, ಅದು ಎಲ್ಲರೂ ಹೋಗುವ ಜಾಗ ಎಂದು ನಾನು ವಾದ ಹೂಡಿದೆ. ಡಾಕ್ಟರು ಭಟ್ಟರ ಫೈಲು ಮುಚ್ಚಿ ನನ್ನ ಕಡೆ ತಿರುಗಿದರು.

"ಹೋಗೂದಾದ್ರ ಸಿಸ್ಟರ್ ಆಗಿ ಹೋಗಬ್ಯಾಡ್ರಿ. ಭಕ್ತರಾಗಿ ಹೋಗ್ರಿ. ಅವ್ರು ಗುರ್ತು ಹಿಡೀಲಿಲ್ಲಾ ಅಂದ್ರ, ಪ್ರಸಾದ ತಗೊಂಡು ಬಂದ್ಬಿಡ್ರಿ."

ಈ ಮಾತನ್ನು ನಾನು ಎಷ್ಟೋ ಹೊಸಬರಿಗೆ ಹೇಳಿದ್ದೇನೆ. ಹುಡುಕಿಕೊಂಡು ಹೋಗುವುದು ಸುಲಭ. ಗುರುತು ಹಿಡಿಯದೆ ಇರುವ ಹಕ್ಕನ್ನು ಅವರ ಕೈಯಲ್ಲೇ ಬಿಟ್ಟು ಹೋಗುವುದು ಕಷ್ಟ.

ಮಧ್ಯಾಹ್ನದ ಪೂಜೆಯ ಹೊತ್ತಿಗೆ ಹೋದೆ. ಒಂದು ಪೂಜೆ ಮಾಡಿಸಿದರೆ ಹೆಸರು ಹಿಡಿದು ಕರೆಯುತ್ತಾರೆ, ಭಟ್ಟರ ಎದುರು ನಿಲ್ಲಬಹುದು ಎಂದು ನನ್ನ ಉಪಾಯ. ಕೌಂಟರಿನವರು ಹೆಸರು ಕೇಳಿದರು, ಸೆವ್ರಿನ್ ಎಂದೆ. ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನರು ಹರಕೆ ಹೇಳಿಕೊಂಡು ದೇವಸ್ಥಾನಕ್ಕೆ ಬರುವುದು ಹೊಸತಲ್ಲ, ಅವರು ತಲೆ ಎತ್ತಲೂ ಇಲ್ಲ. ನಕ್ಷತ್ರ ಯಾವುದು ಎಂದರು. ಅಲ್ಲಿ ಸಿಕ್ಕಿಬಿದ್ದೆ. ಸಂತ ಅಂತೋನಿಯ ಹಬ್ಬದ ದಿನ ಹುಟ್ಟಿದ್ದು ಎಂದು ಅಮ್ಮ ಹೇಳುತ್ತಿದ್ದರು ಎಂದೆ.

"ಅದು ನಮ್ಮ ಪಂಚಾಂಗದಲ್ಲಿ ಇಲ್ಲ ಬಾಯಮ್ಮ," ಎಂದು ರಶೀದಿ ಹರಿದು ಕೊಟ್ಟರು. "ಭಟ್ರ ಹತ್ರವೇ ಕೇಳಿ."

ಗರ್ಭಗುಡಿಯ ಬಾಗಿಲಲ್ಲಿ ಭಟ್ಟರು ಒಬ್ಬೊಬ್ಬರ ಹೆಸರು, ನಕ್ಷತ್ರ ಕೇಳಿಕೊಂಡು ಸಂಕಲ್ಪ ಮಾಡುತ್ತಿದ್ದರು. ಮಡಿ ಉಟ್ಟು, ಬರಿಮೈಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತ ಆ ಎತ್ತರದ ಮನುಷ್ಯನೇ ನಮ್ಮಲ್ಲಿ ಕಂಬದ ಹಿಂದೆ ಅಡಗುವವರು ಎಂದರೆ ನಂಬುವುದು ಕಷ್ಟ. ನನ್ನ ಸರದಿ ಬಂತು. ಸೆವ್ರಿನ್ ಎಂದು ಓದಿದರು, ನಕ್ಷತ್ರ ಎಂದು ಕೇಳುತ್ತಾ ತಲೆ ಎತ್ತಿದರು. ಕೈಯಲ್ಲಿದ್ದ ಹೂ ಹಾಗೇ ನಿಂತಿತು. ಗೊತ್ತಿಲ್ಲ ಭಟ್ರೇ ಎಂದೆ. ಈಗ ಮುಖ ತಿರುಗಿಸಿದರೆ ನಾನು ಹೊರಟುಬಿಡುವುದು ಎಂದು ಮನಸ್ಸಿನಲ್ಲೇ ತಯಾರಾಗಿದ್ದೆ.

"ಗೊತ್ತಿಲ್ಲದಿದ್ರೆ ಅಡ್ಡಿ ಇಲ್ಲ," ಎಂದರು ನೆಲ ನೋಡುತ್ತಾ. "ಅನುರಾಧಾ ಅಂತ ಹೇಳುವ."

ಮಂತ್ರದ ನಡುವೆ ನನ್ನ ಹೆಸರೂ ಒಂದು ಹೊಸ ನಕ್ಷತ್ರವೂ ಹಾದುಹೋದವು.

ಪೂಜೆ ಮುಗಿದು ಜನ ಊಟದ ಕಡೆಗೆ ಹೋದರು. ನಾನು ಸಾಲಿನ ಕೊನೆಯಲ್ಲಿ ಉಳಿದೆ. ಅವರು ತೀರ್ಥದ ಪಾತ್ರೆ ಹಿಡಿದು ಬಂದು, ನನ್ನ ಅಂಗೈಗೆ ತೀರ್ಥ ಹಾಕುತ್ತಾ, ಈ ವಾರಕ್ಕೆ ಮಾತ್ರ ಉಂಟು ಎಂದರು. ನಾನು ಇನ್ನೂ ಕೇಳಿರಲೇ ಇಲ್ಲ. ಹೊಸ ಶಾಖೆಗೆ ಯಾಕೆ ಹೋಗಲಿಲ್ಲ ಎಂದೆ.

"ಹೋಗಿದ್ದೆ ಸಿಸ್ಟರೇ. ಅಲ್ಲಿ ಮದ್ದು ಕೊಡುವವರು ಪ್ರತಿ ಸಂಕ್ರಾಂತಿಗೆ ಇಲ್ಲಿಗೆ ಬರುವವರು. ನನ್ನನ್ನು ಕಂಡದ್ದೇ ಎದ್ದು ನಿಂತು ಕೈ ಮುಗಿದ್ರು. ಯಾರನ್ನು ನೋಡ್ಲಿಕ್ಕೆ ಬಂದದ್ದು ಭಟ್ರೇ ಅಂತ ಕೇಳಿದ್ರು. ಪರಿಚಯದವರು ವಾರ್ಡಿನಲ್ಲಿದ್ದಾರೆ ಅಂತ ಹೇಳಿದೆ. ಹೇಳಿದ ಮೇಲೆ ಹೋಗ್ಬೇಕಲ್ಲ? ಗುರ್ತವೇ ಇಲ್ಲದ ಒಬ್ಬರ ಮಂಚದ ಹತ್ರ ಸ್ವಲ್ಪ ಹೊತ್ತು ಕೂತು, ಅವರಿಗೆ ಒಳ್ಳೇದಾಗ್ಲಿ ಅಂತ ಹೇಳಿ ಬಂದೆ."

ನಗು ಬಂತು, ಕಣ್ಣೂ ತುಂಬಿತು. ಮತ್ತೆ ನಮ್ಮಲ್ಲಿಗೇ ಬರಬಹುದಿತ್ತಲ್ಲ ಎಂದೆ.

"ಕಳಿಸಿದ್ದು ನೀವೇ ಅಲ್ವಾ? ನಿಮ್ಮಲ್ಲಿಗೆ ಇನ್ನು ನಾನು ಬೇಡ ಅಂತಾಯ್ತು ಅಂತ ಎಣಿಸಿದೆ."

ಇದನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಹತ್ತಿರದಲ್ಲೇ ಮದ್ದು ಸಿಗುವ ಹಾಗೆ ಮಾಡಿದೆವು ಎಂದು ನಾವು ತಿಳಿದಿದ್ದೆವು. ಅವರು ತಿಳಿದದ್ದು, ತಮ್ಮನ್ನು ಹೊರಗೆ ಹಾಕಿದರು ಎಂದು. ಸೋಮವಾರ ನಮ್ಮಲ್ಲಿಗೇ ಬನ್ನಿ, ಮೊದಲಿನ ಹಾಗೆಯೇ ಎಂದೆ. ನೋಡುವ ಎಂದು ಹೇಳಿಬಿಡುತ್ತಾರೋ ಎಂದು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಒಂದು ಹೂ ನನ್ನ ಕೈಗಿಟ್ಟು, ಬರ್ತೇನೆ ಎಂದರು.

ಸೋಮವಾರ ಬಂದರು. ಡಾಕ್ಟರು ಪೆನ್ನು ಕೆಳಗಿಟ್ಟು, ಭಟ್ಟರಿಗೆ ಮದ್ದು ಯಾವ ಥರ ಕೊಟ್ಟರೆ ಅನುಕೂಲ ಎಂದು ಅವರನ್ನೇ ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಭಟ್ಟರು ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಮೂರು ತಿಂಗಳ ಮದ್ದು ಒಟ್ಟಿಗೆ ಆದರೆ ಒಳ್ಳೆಯದು, ಮಧ್ಯಾಹ್ನ ಊಟದ ಹೊತ್ತಿಗೆ ಬೆಂಚು ಖಾಲಿ ಇರುವಾಗ ಬರುತ್ತೇನೆ, ದೂರವಾದರೂ ಇಲ್ಲಿಗೇ ಎಂದರು. ಅಷ್ಟು ಹೇಳಿ ಎದ್ದವರು ಮತ್ತೆ ಕೂತು ಪುಷ್ಪಲತಾಳ ಕಡೆ ತಿರುಗಿದರು.

"ಇನ್ನೊಂದು ಉಂಟು. ನಾನು ಬರುವಾಗ ನೀವು ಏಳುದು ಬೇಡ ಅಮ್ಮಾ. ಎಲ್ಲರೂ ನೋಡ್ತಾರೆ. ಕೂತಲ್ಲೇ ಕೂತು ಕೊಟ್ರೆ, ಅದೇ ನನಗೆ ದೊಡ್ಡ ಮರ್ಯಾದೆ."

ಪುಷ್ಪಲತಾಳ ಮುಖ ಕೆಂಪಾಯಿತು. ನನಗೂ ಆಗಲೇ ಆ ಕಂಬ ಅರ್ಥವಾದದ್ದು.

ಮಾತು ಕೊಡುವುದು ಸುಲಭವಿತ್ತು, ನಡೆಸುವುದು ಅವಳಿಗೆ ಬಹಳ ಕಷ್ಟವಾಯಿತು. ಕಾಲು ತಾನಾಗಿಯೇ ಏಳ್ತದೆ ಮಾರಾಯ್ತಿ, ಎಂತ ಮಾಡುದು ಎಂದು ನನ್ನಲ್ಲಿ ದೂರುತ್ತಿದ್ದಳು. ಕಡೆಗೆ ಭಟ್ಟರು ಬರುವ ದಿನ ಬಾಟಲಿ ತುಂಬಿದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರತೊಡಗಿದಳು, ಏಳಬೇಕೆಂದರೂ ಏಳಲಾಗದ ಹಾಗೆ. ಭಟ್ಟರು ಬಂದು ಬೇರೆ ಯಾರೋ ರಾಮಣ್ಣನ ಹಾಗೆ ಮದ್ದು ತೆಗೆದುಕೊಂಡು, ಹತ್ತಿ ತುರುಕಿ, ಪೂಜೆ ಸಾಮಾನಿನ ಬಟ್ಟೆಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಕಂಬದ ಹಿಂದೆ ನಿಲ್ಲುವುದು ನಿಂತಿತು.

ಆ ಮೇಲೆ ನಾವು ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳತೊಡಗಿದೆವು. ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಡಾಕ್ಟರಿಗೆ ತಲೆಬಿಸಿ. ಕೆಲವರನ್ನು ಆ ಶಾಖೆಗೆ ಕಳುಹಿಸಿದ್ದು ನಿಜಕ್ಕೂ ಉಪಕಾರವೇ ಆಗಿತ್ತು, ಕೂಲಿ ಬಿಟ್ಟು ಬರಲಾಗದವರು ಅಲ್ಲಿ ಸುಖವಾಗಿದ್ದರು. ಎರಡು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಬೇರೆ ದೇಶಗಳಲ್ಲಿ ಬಂದಿದೆಯಂತೆ, ಮಾತ್ರೆಯೇ ಬೇಡವಂತೆ ಎಂದು ಒಮ್ಮೆ ಐಸಮ್ಮನಿಗೆ ಹೇಳಿದೆ. ಅಡಗಿಸುವ ಕೆಲಸ ಇಲ್ಲ ಎಂದು ಅವರ ಮುಖ ಅರಳಿತು. ಮತ್ತೆ ಲೆಕ್ಕ ಹಾಕಿ, ಎರಡು ತಿಂಗಳು ಆಯ್ತಲ್ಲ, ತಿಂಗಳಿಗೊಂದು ಮಾಡ್ಲಿಕ್ಕೆ ಹೇಳಿ ಎಂದರು.

ನಾನು ನಿವೃತ್ತಳಾದ ಮೇಲೆ ನಡೆದದ್ದೊಂದು ಹೇಳಿ ಮುಗಿಸುತ್ತೇನೆ. ನಮ್ಮ ಓಣಿಯ ಸುಮಿತ್ರಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅವರ ಯಾವತ್ತಿನ ಪುರೋಹಿತರಿಗೆ ಹುಷಾರಿಲ್ಲ, ಕೂಳೂರಿನಾಚೆಯಿಂದ ಬೇರೆಯವರು ಬರುತ್ತಾರೆ ಎಂದರು. ನಾನು ಹೆಂಗಸರ ನಡುವೆ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲಲ್ಲಿ ನಮ್ಮ ಅದೇ ಭಟ್ಟರು. ಎಲ್ಲರೂ ಎದ್ದು ನಿಂತರು. ನಾನು ಕೂತೇ ಇದ್ದೆ. ಇಷ್ಟು ವರ್ಷದ ಅಭ್ಯಾಸ, ಆ ಮುಖ ಕಂಡರೆ ನನ್ನ ಮೈ ಕುರ್ಚಿಗೆ ಅಂಟುತ್ತದೆ. ಏಳಿ ಬಾಯಮ್ಮ, ಭಟ್ರು ಎಂದು ಸುಮಿತ್ರಕ್ಕ ಭುಜ ತಿವಿದರು. ಮಂಡಿನೋವು ಎಂದೆ. ಭಟ್ಟರು ನನ್ನ ಮೇಲೆ ಕಣ್ಣು ಹಾಯಿಸಿ, ಅಪರಿಚಿತರನ್ನು ದಾಟಿದ ಹಾಗೆ ದಾಟಿ ಹೋದರು.

ಸಂಕಲ್ಪದ ಹೊತ್ತಿಗೆ ಮನೆಯವರ ಹೆಸರು, ನಕ್ಷತ್ರ ಎಲ್ಲ ಆಯಿತು. ನಮ್ಮ ಬಾಯಮ್ಮನ ಹೆಸರೂ ಹೇಳಿ ಭಟ್ರೇ, ಮನೆಯವರ ಹಾಗೆಯೇ ಎಂದು ಸುಮಿತ್ರಕ್ಕ ಪ್ರೀತಿಯಿಂದ ಹೇಳಿದರು. ಭಟ್ಟರು ಹೆಸರೇನು ಎಂದು ಕೇಳಿದರು. ಸೆವ್ರಿನ್ ಎಂದೆ. ನಕ್ಷತ್ರ ಕೇಳಬೇಕಿತ್ತು, ಕೇಳಲಿಲ್ಲ. ಮಂತ್ರ ಹರಿದು ಹೋಗುತ್ತಿದ್ದ ಹಾಗೆಯೇ ಅನುರಾಧಾ ಬಂದುಬಿಟ್ಟಿತು. ಬಂದ ಮೇಲೆ ಅವರ ಧ್ವನಿ ಒಂದು ಕ್ಷಣ ತಡವರಿಸಿದ್ದು ನನಗೆ ಮಾತ್ರ ಕೇಳಿತು.

ಸುಮಿತ್ರಕ್ಕನ ಕಿವಿ ಚುರುಕು.

"ನಿಮ್ಮ ನಕ್ಷತ್ರ ಭಟ್ರಿಗೆ ಹೇಗೆ ಗೊತ್ತು? ಪರಿಚಯ ಉಂಟಾ?"

"ನನ್ನ ನಕ್ಷತ್ರ ನನಗೇ ಗೊತ್ತಿಲ್ಲ ಸುಮಿತ್ರಕ್ಕಾ," ಎಂದೆ. "ಮುಖ ನೋಡಿ ಹೇಳಿರ್ಬೇಕು."

ಅವರು ಕಣ್ಣರಳಿಸಿ ಪಕ್ಕದವರಿಗೆ ಹೇಳಿದರು, ಪಕ್ಕದವರು ಆಚೆಯವರಿಗೆ ಹೇಳಿದರು. ಭಾರೀ ಶಕ್ತಿಯವರು ಎಂದು ಹೆಂಗಸರ ಸಾಲಿನಲ್ಲಿ ಗುಸುಗುಸು ನಡೆಯಿತು. ಇನ್ನು ಮುಂದೆ ನಮ್ಮ ಓಣಿಯವರೆಲ್ಲ ಅವರನ್ನೇ ಕರೆಯುವುದೆಂದು ಅಲ್ಲೇ ತೀರ್ಮಾನವಾಯಿತು.

ಪೂಜೆ ಮುಗಿದು ಭಟ್ಟರು ಪ್ರಸಾದದ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ಇದು ಆಸ್ಪತ್ರೆಯಲ್ಲ, ಇಲ್ಲಿ ಎಲ್ಲರೂ ಏಳುತ್ತಾರೆ, ಎದ್ದವರನ್ನು ಯಾರೂ ತಿರುಗಿ ನೋಡುವುದಿಲ್ಲ ಎಂದು ನನಗೆ ಹೊಳೆದದ್ದು ಅವರು ಹತ್ತಿರ ಬಂದಾಗ. ಸೆರಗು ಸರಿಮಾಡಿಕೊಂಡು, ಕುರ್ಚಿಯ ಕೈ ಹಿಡಿದು, ನಾನು ಎದ್ದು ನಿಂತೆ.